ಎರಡು ಸಲ ಬೇಡ ಅನ್ನುವ ಹುಡುಗ

ಗಣಿತದ ಮಾಸ್ತರನ ಬದುಕಿನಲ್ಲಿ ನಗುವಂಥದ್ದು ಏನಿರುತ್ತದೆ ಅಂತ ಕೇಳುವವರ ಜೊತೆ ನಾನು ವಾದಕ್ಕೆ ಇಳಿಯುವುದಿಲ್ಲ. ಬೇರೆಯವರ ತರಗತಿಯಲ್ಲಿ ವರ್ಷಕ್ಕೊಮ್ಮೆ ನಡೆಯುವಂಥದ್ದು ನನ್ನ ತರಗತಿಯಲ್ಲಿ ವಾರಕ್ಕೊಮ್ಮೆ ನಡೆಯುತ್ತಿತ್ತು. ಇಂಥವೆಲ್ಲ ನಿಮಗೇ ಯಾಕ ಗಂಟು ಬೀಳ್ತಾವ್ರಿ ಅಂತ ನನ್ನ ಹೆಂಡತಿ ಕೇಳುತ್ತಿದ್ದಳು. ನನಗಾದರೂ ಏನು ಗೊತ್ತು?

ನಾವು ಬೀದರ ಕಡೆಯವರು. ಎಪ್ಪತ್ತರ ದಶಕದಲ್ಲಿ ನಾನು ಔರಂಗಾಬಾದಿನ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದ, ಒಂದು ಕಾಲೇಜಿನಲ್ಲಿ ಕಲಿಸುತ್ತಿದ್ದೆ. ಆ ಕಾಲಕ್ಕೆ ಇರಾನ್, ಜೋರ್ಡಾನ್, ಕೀನ್ಯಾ ಕಡೆಯ ಹುಡುಗರು ಗಣಿತದಲ್ಲಿ ಡಿಗ್ರಿ ಮಾಡಲು ನಮ್ಮಲ್ಲಿಗೆ ಬರುತ್ತಿದ್ದರು. ಬಂದವರನ್ನು ನೇರವಾಗಿ ಬಿ.ಎಸ್ಸಿ.ಗೆ ಕೂರಿಸಿದರೆ ಅವರಿಗೂ ಕಷ್ಟ, ನಮಗೂ ಕಷ್ಟ. ಅದಕ್ಕೇ ಅವರಿಗೆಂದು ಒಂದು ವರ್ಷದ ತಯಾರಿ ತರಗತಿ ಇತ್ತು. ಕೊನೆಗೆ ಬರೆಯುವ ಪರೀಕ್ಷೆ ಒಂದು, ಪರೀಕ್ಷಕರ ಎದುರಿಗೆ ಕೂತು ಉತ್ತರ ಹೇಳುವ ಓರಲ್ ಒಂದು. ಎರಡರಲ್ಲೂ ಪಾಸಾದರೆ ಡಿಗ್ರಿ, ಇಲ್ಲವಾದರೆ ಊರಿನ ವಿಮಾನ.

ಈ ತರಗತಿ ಯಾರಿಗೂ ಬೇಡವಾಗಿತ್ತು. ವಿಭಾಗದಲ್ಲಿ ಒಬ್ಬರಿಗೆ ಬಿ.ಪಿ., ಒಬ್ಬರಿಗೆ ಮನೆ ಕಟ್ಟಿಸುವ ಗಡಿಬಿಡಿ, ಒಬ್ಬರಿಗೆ ಪ್ರಿನ್ಸಿಪಾಲರ ಜೊತೆ ನೆಂಟಸ್ತಿಕೆ. ನನಗೆ ಇದ್ಯಾವುದೂ ಇರಲಿಲ್ಲ. ಹಾಗಾಗಿ ನಾನೇ ಯೋಗ್ಯ ಅಂತ ತೀರ್ಮಾನವಾಯಿತು. ಆ ವರ್ಷ ನನ್ನ ಪಾಲಿಗೆ ಬಂದವರು ಮೂವರು, ದೇಶಕ್ಕೊಬ್ಬರಂತೆ.

ತಪ್ಪಿಲ್ಲದ ಲೆಕ್ಕ

ಮೊದಲ ವಾರ ಕೀನ್ಯಾದ ಹುಡುಗನನ್ನು ಬೋರ್ಡಿನ ಹತ್ತಿರ ಕರೆದು ಒಂದು ಲೆಕ್ಕ ಕೊಟ್ಟೆ. ಆರಡಿಯ ಆಳು, ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ. ಚೆನ್ನಾಗಿ ಮಾಡಿ ನನ್ನ ಕಡೆ ತಿರುಗಿ ನೋಡಿದ. ನಾನು ಮೆಚ್ಚಿಕೊಂಡು, ನಮ್ಮ ಕಡೆ ಎಲ್ಲರೂ ಮಾಡುವ ಹಾಗೆ, ತಲೆಯನ್ನು ಆ ಕಡೆ ಈ ಕಡೆ ತೂಗಿದೆ. ಅವನು ಡಸ್ಟರ್ ತೆಗೆದುಕೊಂಡು ಎಲ್ಲ ಅಳಿಸಿಬಿಟ್ಟ.

ಯಾಕಪ್ಪಾ ಅಂತ ನನಗೆ ಅರ್ಥವಾಗಲಿಲ್ಲ. ಇರಲಿ, ಇನ್ನೂ ಚೆನ್ನಾಗಿ ಬರೆಯುವ ಆಸೆ ಇರಬೇಕು ಅಂದುಕೊಂಡೆ. ಅವನು ಬೇರೆ ದಾರಿಯಿಂದ ಅದೇ ಲೆಕ್ಕ ಮಾಡಿದ. ಅದೂ ಸರಿ. ನಾನು ಇನ್ನಷ್ಟು ಖುಷಿಯಿಂದ ತಲೆ ತೂಗಿದೆ. ಅವನು ಅದನ್ನೂ ಅಳಿಸಿದ. ಬೆವರಲು ಶುರುಮಾಡಿದ್ದ ಪಾಪ. ಒಂದೇ ಲೆಕ್ಕಕ್ಕೆ ನನಗೇ ಗೊತ್ತಿಲ್ಲದ ಒಂದು ದಾರಿಯನ್ನು ಅವನು ಹುಡುಕಿ ತೆಗೆದ ಮೇಲೆ, ಹಿಂದೆ ಕೂತಿದ್ದ ಇರಾನಿನ ಹುಡುಗ ಎದ್ದು ನಿಂತು, ಸರ್, ದಯವಿಟ್ಟು ತಪ್ಪು ಎಲ್ಲಿದೆ ಅಂತಾದರೂ ಹೇಳಿಬಿಡಿ, ಅವನು ಅಳುವ ಹಾಗಿದ್ದಾನೆ ಅಂದ.

ಅವರ ಊರುಗಳಲ್ಲಿ ತಲೆ ಅಡ್ಡಡ್ಡ ಆಡಿಸಿದರೆ ಇಲ್ಲ ಅಂತ ಅರ್ಥವಂತೆ. ನಮ್ಮ ತೂಗಾಟ ಅಡ್ಡವೂ ಅಲ್ಲ, ಉದ್ದವೂ ಅಲ್ಲ ಅಂತ ವಿವರಿಸಲು ನನಗೆ ಒಂದು ಪೀರಿಯಡ್ ಹಿಡಿಯಿತು. ಹುಡುಗರು ಅದನ್ನು ಶ್ರದ್ಧೆಯಿಂದ ಕಲಿತರು. ಗಣಿತಕ್ಕಿಂತ ಬೇಗ ಕಲಿತರು. ಕೀನ್ಯಾದವನು ರಜೆಗೆ ಊರಿಗೆ ಹೋದಾಗ ಅವನ ತಾಯಿ ಮೊದಲು ಕರೆದುಕೊಂಡು ಹೋದದ್ದು ಕುತ್ತಿಗೆಯ ಡಾಕ್ಟರ ಹತ್ತಿರ.

ಸೊನ್ನೆಯ ಪೇಡೆ

ಜೋರ್ಡಾನಿನ ಹುಡುಗ ಬುದ್ಧಿವಂತ. ಆದರೆ ಮೊದಲ ಸಣ್ಣ ಪರೀಕ್ಷೆಯಲ್ಲಿ ಅವನ ಉತ್ತರಗಳನ್ನು ನೋಡಿ ನನ್ನ ಜೀವ ಹೋಯಿತು. ಐದು ಅಂಕದ ಪರೀಕ್ಷೆ. ಐದು ಬರಬೇಕಾದ ಕಡೆಯೆಲ್ಲ ಸೊನ್ನೆ ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಒಂದು ಸೊನ್ನೆ ಹಾಕಿ ಕೈತೊಳೆದುಕೊಂಡೆ.

ಮರುದಿನ ಅವನು ಒಂದು ಡಬ್ಬಿ ಪೇಡೆ ಹಿಡಿದುಕೊಂಡು ತರಗತಿಗೆ ಬಂದ. ಎಲ್ಲರಿಗೂ ಹಂಚಿದ. ನನಗೂ ಕೊಟ್ಟ. ಹುಟ್ಟುಹಬ್ಬವೇನಪ್ಪಾ ಅಂತ ಕೇಳುತ್ತ ಬಾಯಿಗೆ ಹಾಕಿಕೊಂಡೆ. ಇಲ್ಲ ಸರ್, ನಿಮ್ಮ ಆಶೀರ್ವಾದ, ಮೊದಲ ಪರೀಕ್ಷೆಯಲ್ಲೇ ಪೂರ್ತಿ ಅಂಕ ಬಂತು ಅಂದ.

ಅವನ ಊರಿನ ಶಾಲೆಗಳಲ್ಲಿ ಐದನ್ನು ನಮ್ಮ ಸೊನ್ನೆಯ ಹಾಗೇ ದುಂಡಗೆ ಬರೆಯುತ್ತಾರೆ, ಸೊನ್ನೆಗೆ ಬರೀ ಒಂದು ಚುಕ್ಕಿ ಇಡುತ್ತಾರೆ. ಗಡಿಬಿಡಿಯಲ್ಲಿ ಅವನ ಕೈ ಹಳೇ ಚಾಳಿಗೆ ಬಿದ್ದಿತ್ತು. ಕಣ್ಣಿಗೂ ಅದೇ ಚಾಳಿ, ನಾನು ಹಾಕಿದ ಸೊನ್ನೆ ಅವನಿಗೆ ಐದಾಗಿ ಕಂಡಿತ್ತು. ಉತ್ತರ ಪತ್ರಿಕೆ ವಾಪಸು ತರಿಸಿ ನೋಡಿದರೆ ಲೆಕ್ಕಗಳೆಲ್ಲ ಸರಿ. ಹಾಗಾಗಿ ನಾನು ಹಾಕಿದ್ದ ಅಂಕವನ್ನು ತಿದ್ದುವ ಪ್ರಸಂಗವೇ ಬರಲಿಲ್ಲ. ಅವನು ಓದಿಕೊಂಡದ್ದನ್ನೇ ಖಾಯಂ ಮಾಡಿ, ಇನ್ನೊಂದು ಪೇಡೆ ತಿಂದೆ.

ಕೋಟೆ ಕೊಳ್ಳಲು ಬಂದವರು

ತ್ರಿಕೋನಮಿತಿಯನ್ನು ಬರೀ ಬೋರ್ಡಿನ ಮೇಲೆ ಎಷ್ಟಂತ ಕಲಿಸುವುದು? ದೌಲತಾಬಾದಿನ ಕೋಟೆಗೆ ಕರೆದುಕೊಂಡು ಹೋಗಿ ಅಲ್ಲಿಯ ಮಿನಾರಿನ ಎತ್ತರ ಅಳೆಸೋಣ ಅಂತ ಹೊರಟೆ. ಸಾಮಾನು ಹೆಚ್ಚೇನಿಲ್ಲ. ಬೋರ್ಡಿಗೆ ಹಚ್ಚಿ ಬಳಸುವ ಮರದ ದೊಡ್ಡ ಕೋನಮಾಪಕ, ಅದರ ನಡುವಿನಿಂದ ಇಳಿಬಿಟ್ಟ ದಾರ, ದಾರದ ತುದಿಗೆ ಕಲ್ಲು, ನೆಲ ಅಳೆಯಲು ಒಂದು ಟೇಪು.

ಹುಡುಗರು ರಸ್ತೆಯ ಪಕ್ಕ ನಿಂತು ಒಂದು ಕಣ್ಣು ಮುಚ್ಚಿ ಕೋಟೆಯ ಕಡೆ ನೋಡತೊಡಗಿದ್ದೇ ತಡ, ಅಲ್ಲಿ ಸೀತಾಫಲ ಮಾರುವ ಹೆಂಗಸರಲ್ಲಿ ಗುಸುಗುಸು ಶುರುವಾಯಿತು. ಪರದೇಶದ ಸಾಹೇಬರು, ಕೈಯಲ್ಲಿ ಟೇಪು, ಜೊತೆಗೆ ಟೈ ಕಟ್ಟಿಕೊಂಡ ಒಬ್ಬ ಗುಮಾಸ್ತ. ಗುಮಾಸ್ತ ಅಂದರೆ ನಾನು. ಕೋಟೆಯನ್ನು ಸರಕಾರ ಪರದೇಶದವರಿಗೆ ಮಾರಿದೆ, ಅಳತೆಗೆ ಬಂದಿದ್ದಾರೆ ಅಂತ ಅವರೇ ನಿರ್ಧರಿಸಿಬಿಟ್ಟರು.

ಎಲ್ಲರಿಗಿಂತ ವಯಸ್ಸಾದ ಅಜ್ಜಿ ಎದ್ದು ಬಂದಳು. ನನ್ನ ಕಡೆ ಕಣ್ಣೆತ್ತಿಯೂ ನೋಡದೆ ನೇರವಾಗಿ ಕೀನ್ಯಾದವನ ಮುಂದೆ ನಿಂತಳು. ಎತ್ತರವಾಗಿದ್ದಾನೆ, ಇವನೇ ಮಾಲೀಕ ಅಂತ ಅವಳ ಲೆಕ್ಕ. ಸಾಹೇಬ, ಕೋಟೆ ನೀನೇ ಇಟ್ಟುಕೋ, ನನ್ನ ಬುಟ್ಟಿ ಇಡುವ ಜಾಗ ಮಾತ್ರ ನನಗೆ ಬಿಡು ಅಂತ ಮರಾಠಿಯಲ್ಲಿ ಬೇಡಿಕೊಂಡಳು. ಅವನಿಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೆ ನಾನು ಕಲಿಸಿದ ತೂಗಾಟ ಚೆನ್ನಾಗಿ ಬರುತ್ತಿತ್ತಲ್ಲ, ಗಂಭೀರವಾಗಿ ತಲೆ ತೂಗಿದ. ಅಜ್ಜಿ ಅವನ ಮುಖ ನಿವಾಳಿಸಿ, ಒಂದು ಬುಟ್ಟಿ ಸೀತಾಫಲ ಕೈಗಿಟ್ಟಳು. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಗುಮಾಸ್ತನ ಮಾತು ಯಾರು ನಂಬುತ್ತಾರೆ?

ಹಣ್ಣು ತಿನ್ನುತ್ತ ಉತ್ತರ ಕೇಳಿದೆ. ಕೀನ್ಯಾದವನ ಮಿನಾರು ನಿಜವಾದ ಎತ್ತರದ ಅರ್ಧಕ್ಕೆ ನಿಂತಿತ್ತು, ಜೋರ್ಡಾನಿನವನದು ಮೋಡ ಮುಟ್ಟಿತ್ತು. ಇರಾನಿನ ಹುಡುಗನದು ಮಾತ್ರ ಬರೋಬರಿ. ಯಾರ ಉತ್ತರ ಸರಿ ಅನ್ನಿಸುತ್ತದೆ ಅಂತ ಅವನನ್ನೇ ಕೇಳಿದೆ. ನನ್ನದು ಏನೂ ಅಲ್ಲ ಸರ್, ಗೆಳೆಯರದೇ ಚೆನ್ನಾಗಿದೆ ಅಂದ. ಮೋಡ ಮುಟ್ಟಿದ ಮಿನಾರು ಹೇಗಪ್ಪಾ ಚೆನ್ನಾಗಿರುತ್ತದೆ ಅಂದೆ. ಅವನು ಸ್ವಲ್ಪ ಯೋಚಿಸಿ, ದೂರದಿಂದ ಕಾಣುತ್ತದೆ ಸರ್ ಅಂದ.

ಉಪವಾಸದ ಗಿರಾಕಿ

ಈ ಇರಾನಿನ ಹುಡುಗನ ಬಗ್ಗೆ ಸ್ವಲ್ಪ ಹೇಳಬೇಕು. ನನ್ನ ಸರ್ವೀಸಿನಲ್ಲಿ ರೇಖಾಗಣಿತವನ್ನು ಅಷ್ಟು ಪ್ರೀತಿಸಿದ ಹುಡುಗನನ್ನು ನಾನು ನೋಡಿಲ್ಲ. ಇಸ್ಫಹಾನಿನಲ್ಲಿ ಅವನ ಅಪ್ಪನದು ರೊಟ್ಟಿ ಸುಡುವ ಅಂಗಡಿ. ಮಗ ಒಲೆಯ ಮುಂದೆ ನಿಲ್ಲಲಿ ಅಂತ ಅಪ್ಪ, ಗಣಿತ ಓದುತ್ತೇನೆ ಅಂತ ಮಗ. ಕೊನೆಗೆ ಒಂದು ವರ್ಷದ ಮಟ್ಟಿಗೆ ರಾಜಿಯಾಗಿತ್ತು. ಈ ತಯಾರಿ ತರಗತಿಯಲ್ಲಿ ಪಾಸಾದರೆ ಓದು, ಇಲ್ಲವಾದರೆ ವಾಪಸು ಹೋಗಿ ಒಲೆ. ಔರಂಗಾಬಾದಿನ ಮೇ ತಿಂಗಳ ಬಿಸಿಲು ಹೇಗಪ್ಪಾ ಅಂದರೆ, ಒಲೆಗಿಂತ ಮೇಲು ಸರ್ ಅನ್ನುತ್ತಿದ್ದ.

ಹುಡುಗ ದಿನದಿನಕ್ಕೆ ಬಡವಾಗುತ್ತಿದ್ದ. ನಾನು ಊರ ನೆನಪು ಇರಬೇಕು ಅಂದುಕೊಂಡಿದ್ದೆ. ಹುಡುಗರೆಲ್ಲ ಊಟ ಮಾಡುತ್ತಿದ್ದುದು ಕಾಲೇಜಿನ ಎದುರಿಗಿದ್ದ ಉಡುಪಿ ಹೋಟೆಲಿನಲ್ಲಿ. ಒಂದು ದಿನ ಹೋಟೆಲಿನ ಯಜಮಾನರು ನನ್ನನ್ನು ಬದಿಗೆ ಕರೆದರು.

“ಎಂತ ಸರ್, ನಿಮ್ಮ ಆ ಇರಾನಿ ಹುಡುಗನದ್ದು? ತಿಂಗಳ ಊಟದ ದುಡ್ಡು ಕಟ್ಟಿದ್ದಾನೆ. ಬಂದು ಕೂತುಕೊಳ್ತಾನೆ. ಏನು ಬಡಿಸ್ಲಿಕ್ಕೆ ಹೋದ್ರೂ ಬೇಡ ಅಂತಾನೆ. ಮತ್ತೆ ಪಕ್ಕದವನ ತಟ್ಟೆ ನೋಡ್ತಾ ಕೂತಿರ್ತಾನೆ ಮಾರಾಯ್ರೆ.”

ಗುಟ್ಟು ಬಿಡಿಸಿದವನು ಜೋರ್ಡಾನಿನವನು. ಇರಾನಿನವರಲ್ಲಿ ತಾರೂಫ್ ಅಂತ ಒಂದು ಪದ್ಧತಿ ಇದೆಯಂತೆ. ಯಾರು ಏನೇ ಕೊಟ್ಟರೂ ಎರಡು ಸಲ ಬೇಡ ಅನ್ನಬೇಕು. ಕೊಡುವವರು ಮತ್ತೆ ಮತ್ತೆ ಒತ್ತಾಯ ಮಾಡಬೇಕು. ಮೂರನೇ ಸಲ, ನಿಮ್ಮ ಮಾತು ಮೀರಲಾರೆ ಅಂತ ತೆಗೆದುಕೊಳ್ಳಬೇಕು. ಹೊಟ್ಟೆ ಚುರುಗುಟ್ಟುತ್ತಿದ್ದರೂ ಕ್ರಮ ತಪ್ಪುವ ಹಾಗಿಲ್ಲ. ಉಡುಪಿ ಹೋಟೆಲಿನ ಸಪ್ಲೈಯರಿಗೆ ಅಷ್ಟು ಪುರಸೊತ್ತೆಲ್ಲಿ? ಬೇಡ ಅನ್ನುವಷ್ಟರಲ್ಲಿ ಸಾಂಬಾರಿನ ಬಕೆಟ್ಟು ಮೂರು ಮೇಜು ದಾಟಿರುತ್ತಿತ್ತು.

ಪದ್ಧತಿ ಕೇಳಿ ನನ್ನ ಹೆಂಡತಿಗೆ ಕಣ್ಣಲ್ಲಿ ನೀರು ಬಂತು. ಇಷ್ಟು ಮರ್ಯಾದಸ್ಥ ಹುಡುಗ ಉಪವಾಸ ಬಿದ್ದಾನಲ್ರೀ ಅಂತ ಆ ಭಾನುವಾರವೇ ಊಟಕ್ಕೆ ಕರೆದಳು. ಬೀದರ ಕಡೆಯ ಹೆಣ್ಣುಮಕ್ಕಳಿಗೆ ಬಡಿಸುವುದನ್ನು ಹೇಳಿಕೊಡಬೇಕೇ? ಅವನು ಬೇಡ ಅಂದಾಗೊಮ್ಮೆ ಇವಳು ತನ್ನ ದಖ್ಖನಿ ಉರ್ದುವಿನಲ್ಲಿ ಆಣೆ ಹಾಕಿ ಒಂದೊಂದು ರೊಟ್ಟಿ ಹಾಕಿದಳು. ಜಗತ್ತಿನ ಎರಡು ಮೂಲೆಯ ಇಬ್ಬರು ಒಬ್ಬರಿಗೊಬ್ಬರು ಅಷ್ಟು ಸರಿಹೊಂದಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ತೊಂದರೆಯಾದದ್ದು ಅವನು ಹೊರಟಾಗ. ಇವಳು ವಾಡಿಕೆಯಂತೆ, ಇಷ್ಟ ಲಗೂ ಹೊಂಟ್ರೇನು, ಇನ್ನೊಂದೀಟ ಕೂಡ್ರಿ ಅಂದಳು. ಅವನು ಎರಡು ಸಲ ಬೇಡ ಅಂದ. ಇವಳು ಮೂರನೇ ಸಲವೂ ಅಂದುಬಿಟ್ಟಳು. ಅವನು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ. ಹೀಗೇ ಬಾಗಿಲ ತನಕ ಹೋಗಿ ಬಂದು, ಹೋಗಿ ಬಂದು, ಸಂಜೆಯ ಚಹಾ ಆಯಿತು, ಉಪ್ಪಿಟ್ಟಾಯಿತು. ದೀಪ ಹಚ್ಚುವ ಹೊತ್ತಿಗೆ ನಾನೇ ಅವನ ಕೈಹಿಡಿದು, ನಡೀ, ನಿನ್ನ ಜೊತೆ ನಾನೂ ಹೊರಗ ಬರ್ತೀನಿ, ಇಲ್ಲಾಂದ್ರ ಈಕಿ ನಿನ್ನ ಬಿಡೂದಿಲ್ಲ ಅಂದೆ.

ಹೋಟೆಲಿನ ಯಜಮಾನರೂ ಆ ಹುಡುಗನಿಗೆ ಮಾತ್ರ ಮೂರು ಸಲ ಕೇಳಬೇಕು ಅಂತ ಸಪ್ಲೈಯರುಗಳಿಗೆ ಅಪ್ಪಣೆ ಮಾಡಿದರು. ವಾರದೊಳಗೆ ಉಳಿದ ಗಿರಾಕಿಗಳು ಜಗಳ ತೆಗೆದರು. ಮೊದಲೇ ಹಾಕಿಸಿಕೊಂಡವರಿಗೂ ಇನ್ನೆರಡು ಸಲ ಕೇಳಬೇಕಂತೆ.

ಒಂದೇ ಸಲ

ಕೊನೆಗೂ ಓರಲ್ ಬಂತು. ಬರೆಯುವ ಪರೀಕ್ಷೆಯಲ್ಲಿ ಮೂವರೂ ಪಾಸಾಗಿದ್ದರು. ಓರಲ್ಲಿಗೆ ಪರೀಕ್ಷಕರು ಬರುವುದು ನಾಸಿಕದಿಂದ. ಅವರ ತಂದೆ ಕಲಬುರ್ಗಿ ಕಡೆಯವರು, ನೌಕರಿಗೆಂದು ನಾಸಿಕಕ್ಕೆ ಬಂದು ನೆಲೆಸಿದವರು. ಇವರು ಅಲ್ಲೇ ಹುಟ್ಟಿ ಬೆಳೆದವರು. ಕನ್ನಡ ಪೂರ್ತಿ ತಿಳಿಯುತ್ತಿತ್ತು, ಆಡುವಾಗ ಅರ್ಧ ಮರಾಠಿ ಸೇರುತ್ತಿತ್ತು. ಅವರ ಕೀರ್ತಿ ಎಲ್ಲ ಕಾಲೇಜಿಗೂ ಗೊತ್ತಿತ್ತು. ಪ್ರಶ್ನೆಯನ್ನು ಒಂದೇ ಸಲ ಕೇಳುತ್ತಾರೆ. ಎರಡನೇ ಸಲ ಹೆಂಡತಿಯನ್ನು ಸಹ ಏನೂ ಕೇಳಿದವರಲ್ಲ ಅಂತ ಪ್ರತೀತಿ.

ನನಗೆ ಹೆದರಿಕೆ ಇದ್ದದ್ದೇ ಇಲ್ಲಿ. ಇರಾನಿನ ಹುಡುಗನನ್ನು ಕೂರಿಸಿಕೊಂಡು, ಅಪ್ಪಾ, ಪರೀಕ್ಷೆ ಅಂದರೆ ಊಟವಲ್ಲ, ಕೇಳಿದ ಕೂಡಲೇ ಉತ್ತರ ಹೇಳಿಬಿಡು, ನಿನ್ನ ಡಿಗ್ರಿ ಇದರ ಮೇಲಿದೆ ಅಂತ ತಿಳಿಸಿ ಹೇಳಿದ್ದೆ. ಹೂಂ ಅಂದಿದ್ದ. ಅದನ್ನೂ ಮೂರನೇ ಸಲ ಹೇಳಿದ ಮೇಲೆ ಅಂದಿದ್ದ ಅನ್ನುವುದನ್ನು ನಾನು ಗಮನಿಸಬೇಕಿತ್ತು.

ಆ ದಿನ ಪರೀಕ್ಷಕರ ಬಸ್ಸು ಯೇವಲಾದಲ್ಲಿ ಕೆಟ್ಟು ನಿಂತು, ಅವರು ಹೊಟ್ಟೆಗೇನೂ ಇಲ್ಲದೆ ಮುಖ ಗಂಟಿಕ್ಕಿಕೊಂಡು ಬಂದಿಳಿದರು. ಚಹಾ ಸಹ ಬೇಡ, ಮೊದಲು ಕೆಲಸ ಅಂದರು. ನಾನು ಪಕ್ಕದಲ್ಲಿ ಕೂರಬಹುದಿತ್ತು, ಬಾಯಿ ತೆರೆಯುವ ಹಾಗಿರಲಿಲ್ಲ. ಕೀನ್ಯಾದವನು ತಲೆ ತೂಗುತ್ತ ಪಾರಾದ. ಜೋರ್ಡಾನಿನವನು ಐದನ್ನು ನಮ್ಮ ಐದಿನ ಹಾಗೇ ಬರೆದು ಪಾರಾದ.

ಇರಾನಿನ ಹುಡುಗ ಬಂದು, ಪರೀಕ್ಷಕರ ನರೆತ ತಲೆ ನೋಡಿ, ಎದೆಯ ಮೇಲೆ ಕೈಯಿಟ್ಟು ಬಗ್ಗಿ ನಿಂತ. ಕೆಲಸ ಕೆಟ್ಟಿತು ಅಂತ ನನಗೆ ಆಗಲೇ ಗೊತ್ತಾಯಿತು. ಎರಡರ ವರ್ಗಮೂಲವನ್ನು ಯಾವ ಭಿನ್ನರಾಶಿಯಿಂದಲೂ ಬರೆಯಲಾಗದು ಅಂತ ಸಾಧಿಸಲು ಬರುತ್ತದೆಯೇ ಅಂತ ಅವರು ಇಂಗ್ಲಿಷಿನಲ್ಲಿ ಕೇಳಿದರು. ಹುಡುಗನಿಗೆ ಇಷ್ಟವಾದ ಪ್ರಮೇಯ ಅದು, ನಿದ್ದೆಗಣ್ಣಲ್ಲಿ ಮಾಡುತ್ತಿದ್ದ.

“ತಮ್ಮಂಥ ಹಿರಿಯರ ಮುಂದೆ ನಾನೆಷ್ಟರವನು ಸರ್?” ಅಂದ.

ಪರೀಕ್ಷಕರು ಎರಡನೇ ಪ್ರಶ್ನೆಗೆ ಹೋದರು. ತಮಗೆ ಗೊತ್ತಿರುವಷ್ಟು ನನಗೆಲ್ಲಿ ಗೊತ್ತು ಸರ್ ಅಂದ. ನಾನು ಮೇಜಿನ ಕೆಳಗಿನಿಂದ ಅವನ ಕಾಲು ತುಳಿಯಲು ನೋಡಿದೆ. ತುಳಿದದ್ದು ಪರೀಕ್ಷಕರ ಕಾಲು. ಮೂರನೆಯದಕ್ಕೂ ಅದೇ ವಿನಯ. ಸರಿ, ಹೋಗು ಅಂದರು. ಹುಡುಗ ನನ್ನ ಕಡೆ ನೋಡಿದ ನೋಟ ನಾನು ಮರೆತಿಲ್ಲ. ಊಟದೆಲೆಯ ಮುಂದಿನಿಂದ ಎಬ್ಬಿಸಿ ಕಳಿಸಿದ ಮಗುವಿನ ಮುಖ. ಒಲೆಯ ಬಿಸಿ ನನಗೇ ತಾಗಿದ ಹಾಗಾಯಿತು. ಸಂಕಟಪಟ್ಟೆ, ಆದರೆ ಬಾಯಿ ತೆರೆಯುವ ಹಾಗಿಲ್ಲ.

ಅಷ್ಟರಲ್ಲಿ ಹೋಟೆಲಿನ ಯಜಮಾನರು ತಾವೇ ಬಂದರು. ಹುಡುಗರ ಪರೀಕ್ಷೆ ಅಂತ ಬಿಸಿ ಬಿಸಿ ಉಪ್ಪಿಟ್ಟು, ತುಪ್ಪ ಒಸರುವ ಮೈಸೂರು ಪಾಕು, ಕಾಫಿ ತಂದಿದ್ದರು. ತಟ್ಟೆ ಪರೀಕ್ಷಕರ ಮುಂದೆ ಇಟ್ಟರು. ಪರೀಕ್ಷಕರು ಮೂಗರಳಿಸಿ ಒಮ್ಮೆ ಉಸಿರೆಳೆದುಕೊಂಡು, ಕೈ ಅಡ್ಡ ಮಾಡಿ, “ಛೇ ಛೇ, ಇದೆಲ್ಲ ಯಾಕ, ನಕೋ ನಕೋ” ಅಂದರು.

ಆಗ ನನಗೆ ಹೊಳೆಯಿತು. “ಸಾಹೇಬರಿಗೆ ಬೇಡವಂತೆ, ತಗೊಂಡು ಹೋಗಿ” ಅಂದೆ.

ಯಜಮಾನರು ನನ್ನನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿದರು. ಮುಂದೆ ಇಟ್ಟ ತಟ್ಟೆಯನ್ನು ಎತ್ತಿಕೊಂಡು ಹೋಗುವುದು ಅವರ ವಂಶದಲ್ಲೇ ಇಲ್ಲದ ಕೆಲಸ. ನಾನು ಕಣ್ಣು ಮಿಟುಕಿಸಿದೆ. ಅವರು ಅರೆಮನಸ್ಸಿನಿಂದ ತಟ್ಟೆ ಎತ್ತಿ ಬಾಗಿಲ ಕಡೆ ನಡೆದರು. ಪರೀಕ್ಷಕರ ಕಣ್ಣು ಮೈಸೂರು ಪಾಕಿನ ಹಿಂದೆಯೇ ಬಾಗಿಲ ತನಕ ಹೋಯಿತು. ಇಂಗ್ಲಿಷು ಪೂರ್ತಿ ಮರೆತು ಅವರ ಮನೆಮಾತೇ ಹೊರಗೆ ಬಂತು.

“ಅಹೋ ಪ್ರೊಫೆಸರ್, ಒಮ್ಮೆ ನಕೋ ಅಂದ್ರ ತಾಟ ಎತ್ಕೊಂಡ ಹೋಗೂದೇನ್ರಿ? ಮಂದಿ ಮುಂದ ಲಗೇಚ, ಕೇಳಿದ ಕೂಡ್ಲೇ, ಹೂಂ ಅನ್ಲಿಕ್ಕೆ ಬರ್ತದೇನು? ನಿಮ್ಮ ಕಡೆ ಇನ್ನೊಮ್ಮೆ ಕೇಳೂ ಪದ್ಧತಿ ಇಲ್ಲೇನು?”

“ನಮ್ಮ ಕಡೆ ಅದ ರಿ ಸರ್. ಆ ಹುಡುಗನ ಕಡೆನೂ ಅದ. ಅವನಿಗೆ ನೀವು ಒಂದಽ ಸಲ ಕೇಳಿದ್ರಿ.”

ಪರೀಕ್ಷಕರು ನನ್ನನ್ನು ದಿಟ್ಟಿಸಿದರು. ನನ್ನ ನೌಕರಿ ಹೋಯಿತು ಅಂದುಕೊಂಡೆ. ಆದರೂ ತಾರೂಫಿನ ಕಥೆಯನ್ನೆಲ್ಲ ಬಡಬಡನೆ ಹೇಳಿ ಮುಗಿಸಿದೆ. ಅವರು ಬಾಗಿಲಲ್ಲೇ ನಿಂತಿದ್ದ ಯಜಮಾನರಿಗೂ, ಹೊರಗೆ ಗೋಡೆಗೆ ಒರಗಿದ್ದ ಹುಡುಗನಿಗೂ ಸೇರಿಸಿ, ಒಳಗ ಬರ್ರಿ ಅಂದರು.

ವರ್ಗಮೂಲದ ಪ್ರಶ್ನೆಯನ್ನು ಎರಡನೇ ಸಲ ಕೇಳಿದರು. ಹುಡುಗ ಎದೆಗೆ ಕೈಯಿಟ್ಟು ತಲೆ ತಗ್ಗಿಸಿದ. ಅವರು ಉಪ್ಪಿಟ್ಟಿನ ಒಂದು ಚಮಚ ಬಾಯಿಗಿಟ್ಟು, ಜೀವನದಲ್ಲಿ ಮೊದಲ ಬಾರಿಗೆ ಇರಬೇಕು, ಮೂರನೇ ಸಲ ಕೇಳಿದರು. ಹುಡುಗ ಬೋರ್ಡಿನ ಕಡೆ ತಿರುಗಿದ. ಆಮೇಲೆ ಸೀಮೆಸುಣ್ಣ ನಿಂತದ್ದು ಪ್ರಮೇಯ ಮುಗಿದ ಮೇಲೆಯೇ. ಕೇಳಿದ್ದ ಉಳಿದ ಎರಡನ್ನೂ, ಕೇಳದ ಒಂದನ್ನೂ ಮಾಡಿ ತೋರಿಸಿದ. ಪರೀಕ್ಷಕರು ಉಪ್ಪಿಟ್ಟು ತಿನ್ನುವುದನ್ನು ಮರೆತು ನೋಡುತ್ತಿದ್ದರು.

ಭೇಷ್ ಅಂದು ಪೆನ್ನು ತೆಗೆದು, ಖುಷಿಯ ಭರದಲ್ಲಿ ಅವರು ಒಂದು ಅನಾಹುತದ ಮಾತು ಆಡಿಬಿಟ್ಟರು. “ಹಾಗಾದರೆ ನಿನ್ನನ್ನು ಪಾಸು ಮಾಡಲೇ?”

“ಬೇಡ ಸರ್,” ಅಂದ ಹುಡುಗ. “ನನಗೆಲ್ಲಿ ಆ ಯೋಗ್ಯತೆ?”

ನಾನು ಕಣ್ಣು ಮುಚ್ಚಿಕೊಂಡೆ. ಪರೀಕ್ಷಕರು ನಿಟ್ಟುಸಿರು ಬಿಟ್ಟು, ಪೆನ್ನನ್ನು ಕೈಯಲ್ಲೇ ಹಿಡಿದು, ಮತ್ತೆ ಕೇಳಿದರು. ಬೇಡ ಸರ್, ನನಗಿಂತ ಜಾಣರು ಎಷ್ಟೋ ಮಂದಿ ಇದ್ದಾರೆ ಅಂದ. ಈ ಕಡೆಯಿಂದ ಹೋಟೆಲಿನ ಯಜಮಾನರು ಮೈಸೂರು ಪಾಕಿನ ತಟ್ಟೆ ಮುಂದೆ ಮಾಡಿ, ಸರ್, ಇನ್ನೊಂದು ಅಂತ ಒತ್ತಾಯ ಶುರುಮಾಡಿದರು. ಪರೀಕ್ಷಕರು ಒಂದು ಕೈಯಿಂದ ಅವರಿಗೆ ಬೇಡ ಬೇಡ ಅನ್ನುತ್ತ, ಇನ್ನೊಂದು ಕೈಯ ಪೆನ್ನನ್ನು ಹುಡುಗನ ಕಡೆ ಚಾಚಿ, ಹೆಚ್ಚುಕಡಿಮೆ ಕೈಮುಗಿಯುವ ದನಿಯಲ್ಲಿ ಮೂರನೇ ಸಲ ಕೇಳಿದರು.

“ಆಗಲಿ ಸರ್,” ಅಂದ ಹುಡುಗ. “ತಾವು ಇಷ್ಟೊಂದು ಒತ್ತಾಯ ಮಾಡುವಾಗ ಬೇಡ ಅಂದರೆ ಚೆನ್ನಾಗಿರುವುದಿಲ್ಲ.”